ಒಂದೇ ಆವೃತ್ತಿಯ ಕರ್ನಾಟಕ ಲಯನ್ಸ್: 2012ರ ವರ್ಲ್ಡ್ ಸೀರೀಸ್ ಹಾಕಿ

2012ರ ಫೆಬ್ರವರಿ 29ರಂದು ಚಂಡೀಗಢದಲ್ಲಿ ಆರಂಭವಾಗಿ ಏಪ್ರಿಲ್ 2ರಂದು ಮುಂಬೈಯಲ್ಲಿ ಮುಗಿದ ವರ್ಲ್ಡ್ ಸೀರೀಸ್ ಹಾಕಿಗೆ ಎರಡನೆಯ ಆವೃತ್ತಿ ಬರಲೇ ಇಲ್ಲ. ಹಾಕಿಗೆ ಜನ ಸೇರುವುದಿಲ್ಲ ಎಂಬ ಮಾತಿನಿಂದ ಇದನ್ನು ವಿವರಿಸಿಬಿಡುವುದು ಸುಲಭ. ಆದರೆ ಈ ಲೀಗಿನ ಗತಿ ಮೈದಾನಕ್ಕಿಂತ ಮೊದಲೇ ಸಂಸ್ಥೆಗಳ ಜಗಳದಲ್ಲಿ ನಿರ್ಧಾರವಾಗಿತ್ತು.

ಅದರ ಬೇರು 2008ರಲ್ಲಿದೆ. ಆ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್‌ಗೆ ಸೋತ ಭಾರತ ಬೀಜಿಂಗ್ ಒಲಿಂಪಿಕ್ಸ್ ಅರ್ಹತೆ ಕಳೆದುಕೊಂಡಿತು. ಮರುತಿಂಗಳೇ ಕೆ.ಪಿ.ಎಸ್. ಗಿಲ್ ಅಧ್ಯಕ್ಷತೆಯ ಭಾರತೀಯ ಹಾಕಿ ಫೆಡರೇಷನ್ ಅಮಾನತಾಯಿತು. 2005ರಿಂದ ಫೆಡರೇಷನ್ ನಡೆಸುತ್ತಿದ್ದ ಪ್ರೀಮಿಯರ್ ಹಾಕಿ ಲೀಗ್ ಕೂಡ ಅದೇ ವರ್ಷಕ್ಕೆ ನಿಂತಿತು. ಅದರ ಕೊನೆಯ ಚಾಂಪಿಯನ್ ಬೆಂಗಳೂರಿನ ಹೈ-ಫ್ಲೈಯರ್ಸ್. 2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಆಡಳಿತ ಸಂಸ್ಥೆ ಹುಟ್ಟಿತು. ಹಳೆಯ ಫೆಡರೇಷನ್ ಅಮಾನತಿನ ವಿರುದ್ಧ ದೆಹಲಿ ಹೈಕೋರ್ಟ್‌ನಲ್ಲಿ ಹೋರಾಡಿ, ನಿಂಬಸ್ ಸ್ಪೋರ್ಟ್ ಕಂಪನಿಯ ಜೊತೆ ಸೇರಿ ವರ್ಲ್ಡ್ ಸೀರೀಸ್ ಹಾಕಿ ಎಂಬ ಹೊಸ ಲೀಗ್ ಘೋಷಿಸಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಮನ್ನಣೆ ಕೊಡಲಿಲ್ಲ. 2011ರ ಡಿಸೆಂಬರ್‌ನಲ್ಲಿ ನಡೆಯಬೇಕಿದ್ದ ಪಂದ್ಯಗಳು ದೆಹಲಿಯ ಒಲಿಂಪಿಕ್ ಅರ್ಹತಾ ಟೂರ್ನಿ ಮುಗಿಯುವವರೆಗೆ ಮುಂದೆ ಹೋದವು. ರಾಷ್ಟ್ರೀಯ ತಂಡದ ಹಾಲಿ ಆಟಗಾರರು ಹೊರಗೇ ಉಳಿದರು.

ಎಂಟು ತಂಡ, 59 ಪಂದ್ಯ. ತಂಡಗಳ ಹೆಸರು ಗಮನಿಸಬೇಕು: ಪಂಜಾಬ್ ಮತ್ತು ಕರ್ನಾಟಕ ಬಿಟ್ಟರೆ ಉಳಿದ ಆರೂ ನಗರಗಳ ಹೆಸರಿನವು. ನಾಡಿನ ಹೆಸರು ಹೊತ್ತದ್ದರಿಂದ ಚಿತ್ರದುರ್ಗದ ಚಂದ್ರವಳ್ಳಿಯ ಕೆರೆದಂಡೆಯಲ್ಲಿ ಕೂತವರಿಗೂ ಹೊಳಲ್ಕೆರೆಯವರಿಗೂ ಕರ್ನಾಟಕ ಲಯನ್ಸ್ ತಮ್ಮದೇ ತಂಡವಾಗಬಹುದಿತ್ತು. ತವರಿನ ಪಂದ್ಯಗಳೆಲ್ಲ ಬೆಂಗಳೂರಿನಲ್ಲೇ ನಡೆದದ್ದು ನನ್ನ ಮಟ್ಟಿಗೆ ದೊಡ್ಡ ಕೊರತೆ.

ಲಯನ್ಸ್ ನಾಯಕ ಸೋಮವಾರಪೇಟೆಯ ಅರ್ಜುನ್ ಹಾಲಪ್ಪ, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದವರು. ಅಥೆನ್ಸ್‌ನಲ್ಲಿ ಅವರ ಜೊತೆಗಿದ್ದ ಧನರಾಜ್ ಪಿಳ್ಳೆ ಈ ತಂಡದಲ್ಲೂ ಜೊತೆಯಾದರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿ ಮುಗಿಸಿದ್ದ ಪಿಳ್ಳೆಗೆ ಆಗ 43 ವರ್ಷ; ಆ ವಯಸ್ಸಿನಲ್ಲಿ ಕೃತಕ ಹಾಸಿನ ಮೇಲೆ ಓಡಿ ಲಯನ್ಸ್ ಪರ ಗೋಲು ಹೊಡೆದರು. ಮನ್ನಣೆಯಿಲ್ಲದ ಲೀಗ್ ಎಂಬ ಒಂದೇ ಕಾರಣಕ್ಕೆ ಇಂಥ ಆಟ ದಾಖಲೆಗಳ ಅಂಚಿಗೆ ಸರಿದದ್ದು ಅನ್ಯಾಯ. ಲಯನ್ಸ್ ಸೆಮಿಫೈನಲ್ ತಲುಪಿತು. ಫೈನಲ್‌ನಲ್ಲಿ ಶೇರ್-ಎ-ಪಂಜಾಬ್, ಪುಣೆ ಸ್ಟ್ರೈಕರ್ಸ್ ತಂಡವನ್ನು 5–2ರಿಂದ ಸೋಲಿಸಿತು.

ಆಟದ ಸ್ವರೂಪದಲ್ಲಿ ಈ ಲೀಗ್ ಮುಂದಿತ್ತು. 35 ನಿಮಿಷಗಳ ಎರಡು ಅವಧಿಯ ಬದಲು ಹದಿನೇಳೂವರೆ ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳು ಇಲ್ಲಿದ್ದವು. ಮನ್ನಣೆ ನಿರಾಕರಿಸಿದ್ದ ಅಂತರರಾಷ್ಟ್ರೀಯ ಫೆಡರೇಷನ್ 2014ರಲ್ಲಿ ತಾನೂ ನಾಲ್ಕು ಕ್ವಾರ್ಟರ್‌ಗಳ ಪದ್ಧತಿಗೆ ಬಂತು, ತಲಾ 15 ನಿಮಿಷದಂತೆ.

ಅದೇ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ 12 ತಂಡಗಳಲ್ಲಿ ಕೊನೆಯದಾಯಿತು. 2013ರ ಜನವರಿಯಲ್ಲಿ ಹಾಕಿ ಇಂಡಿಯಾ ತನ್ನದೇ ಲೀಗ್ ಶುರುಮಾಡಿತು. ಕೊಡಗಿನ ವಿ.ಆರ್. ರಘುನಾಥ್ ಉತ್ತರಪ್ರದೇಶ ವಿಜರ್ಡ್ಸ್ ಪರ, ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್ ಪರ ಆಡಿದರು. ಕರ್ನಾಟಕದ ಹೆಸರಿನ ತಂಡ ಅಲ್ಲಿ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ಲೀಗ್ ಮತ್ತೆ ಆರಂಭವಾದಾಗಲೂ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ.