ಸಾಕುಮೀನಿನ ಉಪವಾಸ

ಮೇವು ಸಿಗದಾಗ ಅಥವಾ ಸಾಲದಾದಾಗ ಸಾಕಣೆ ಮೀನಿನ ದೇಹದಲ್ಲಿ ಆಗುವ ಬದಲಾವಣೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದಕ್ಕೆ ಎರಡು ಮುಖಗಳಿವೆ. ಮಣ್ಣಿನ ತಳದ ಕೆರೆಯಲ್ಲಿ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳಿಗೆ ಯಾರೂ ಮೇವು ಹಾಕದಿದ್ದರೂ ಪಾಚಿ, ಸೂಕ್ಷ್ಮಜೀವಿ, ಕೆಸರಿನ ಹುಳು ಅಷ್ಟಿಷ್ಟು ದಕ್ಕುತ್ತವೆ. ಪಾಲಿಥೀನ್ ಹಾಳೆ ಹಾಸಿದ ಕೃಷಿಹೊಂಡದಲ್ಲಿ ನೀರಿಗೂ ಮಣ್ಣಿಗೂ ನಂಟಿಲ್ಲ. ಮೇವಾಗಿ ಹಾಕುವ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ನಿಂತರೆ ಅಲ್ಲಿ ಹೆಚ್ಚುಕಡಿಮೆ ಪೂರ್ಣ ಉಪವಾಸವೇ.

ಮೈಯನ್ನು ಬೆಚ್ಚಗಿಡಲು ಮೀನು ಶಕ್ತಿ ವ್ಯಯಿಸಬೇಕಿಲ್ಲ. ಹಾಗಾಗಿ ವಾರಗಟ್ಟಲೆ ಹಸಿವು ತಡೆಯುತ್ತದೆ. ಆದರೆ ಬದುಕುವುದು ತನ್ನನ್ನೇ ತಿಂದುಕೊಂಡು. ಕರುಳಿನ ಸುತ್ತಲಿನ ಕೊಬ್ಬು ಕರಗುತ್ತದೆ, ಪಿತ್ತಜನಕಾಂಗ ಕುಗ್ಗುತ್ತದೆ, ಕರುಳಿನ ಒಳಪದರ ತೆಳುವಾಗಿ ಜೀರ್ಣರಸ ಕಡಿಮೆಯಾಗುತ್ತದೆ. ಉಪವಾಸ ಮುಂದುವರಿದಂತೆ ಬಿಳಿ ಸ್ನಾಯುವಿನ ಪ್ರೋಟೀನು, ಅಂದರೆ ನಾವು ತಿನ್ನುವ ಮಾಂಸವೇ, ಸವೆಯತೊಡಗುತ್ತದೆ. ಸಾಮಾನ್ಯ ಗೆಂಡೆಯದು ಇನ್ನೂ ಸೋಜಿಗದ ಬಗೆ: ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜೆನ್ನನ್ನು ದೀರ್ಘಕಾಲ ಕಾಯ್ದಿಟ್ಟುಕೊಂಡು ಕೊಬ್ಬು, ಪ್ರೋಟೀನುಗಳನ್ನು ಮೊದಲು ಖರ್ಚು ಮಾಡುತ್ತದೆ.

ರೈತನಿಗೆ ಇದು ಬೇಗ ಗೊತ್ತಾಗುವುದಿಲ್ಲ. ಕೊಬ್ಬು, ಪ್ರೋಟೀನು ಹೋದ ಜಾಗವನ್ನು ನೀರು ತುಂಬುವುದರಿಂದ ತಕ್ಕಡಿ ನಷ್ಟದ ಪೂರ್ತಿ ಲೆಕ್ಕ ಹೇಳದು. ತಲೆ ದೊಡ್ಡದಾಗಿ, ಬೆನ್ನು ಚೂಪಾಗಿ ಕಂಡಾಗ ಕಾಲ ಮಿಂಚಿರುತ್ತದೆ. ಬೇಸಿಗೆಯಲ್ಲಿ ನೀರು ಕಾದು ದೇಹದ ಖರ್ಚು ಏರುವುದರಿಂದ ಹಸಿವಿನ ಏಟು ಚಳಿಗಾಲಕ್ಕಿಂತ ಬಲವಾಗಿ ಬೀಳುತ್ತದೆ.

ಅಲ್ಪಕಾಲದ ಕೊರತೆಯಿಂದ ಮೀನು ಚೇತರಿಸಿಕೊಳ್ಳಬಲ್ಲದು. ಮತ್ತೆ ಮೇವು ಸಿಕ್ಕಾಗ ಹೆಚ್ಚು ತಿಂದು ಹಿಂದುಳಿದ ಬೆಳವಣಿಗೆಯನ್ನು ತುಂಬಿಕೊಳ್ಳುತ್ತದೆ. ಆಂಧ್ರದ ಸಾಕಣೆದಾರರು ಮರಿಗಳನ್ನು ದಟ್ಟಣೆಯಲ್ಲಿ, ಕಡಿಮೆ ಮೇವಿನಲ್ಲಿ ಕುಬ್ಜವಾಗಿಟ್ಟು, ಆಮೇಲೆ ವಿಶಾಲ ಕೊಳಕ್ಕೆ ಬಿಡುವುದು ಈ ಗುಣವನ್ನು ನಂಬಿಯೇ. 1990ರ ದಶಕದಲ್ಲಿ ಮೀನುಗಾರಿಕೆ ವಿಜ್ಞಾನಿ ಎಂ. ಸಿ. ನಂದೀಶ ಮತ್ತು ಸಂಗಡಿಗರು ಗೆಂಡೆಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕಿಂತ ಮೃದುವಾದ ದಾರಿಯವು: ಉಪವಾಸ ಕೆಡವದೆ, ಹೆಚ್ಚು ಪ್ರೋಟೀನಿನ ಮೇವನ್ನೂ ಕಡಿಮೆ ಪ್ರೋಟೀನಿನದನ್ನೂ ಸರದಿಯಲ್ಲಿ ಕೊಡುವುದು. ಸಣ್ಣ ಹಿಡುವಳಿದಾರನಿಗೆ ಒಪ್ಪುವುದು ಇದೇ.

ಬೇಕೆಂದೇ ಮಾಡಿಸುವ ಉಪವಾಸವೂ ಉಂಟು. ಬಿತ್ತನೆ ಮೀನುಮರಿಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಸಾಗಿಸುವ ಮುನ್ನ ಸುಮಾರು ಒಂದು ದಿನ ಮೇವು ನಿಲ್ಲಿಸುತ್ತಾರೆ. ಕರುಳು ಖಾಲಿಯಾದರೆ ಚೀಲದ ನೀರು ಅಮೋನಿಯದಿಂದ ಬೇಗ ಕೆಡುವುದಿಲ್ಲ. ಆಗತಾನೆ ಮೊಟ್ಟೆಯೊಡೆದ ಮರಿಗೆ ಮಾತ್ರ ಇಂಥ ಸಲಿಗೆಯಿಲ್ಲ. ಮೊಟ್ಟೆಯಿಂದ ತಂದ ಆಹಾರವಿರುವ ಹಳದಿ ಚೀಲ ಸುಮಾರು 3 ದಿನದಲ್ಲಿ ಕರಗುತ್ತದೆ. ಆ ಬಳಿಕ ಹಸಿವು ಒಂದು ಮಿತಿ ದಾಟಿದರೆ, ಮುಂದೆ ಎಷ್ಟೇ ಮೇವಿದ್ದರೂ ತಿನ್ನುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ.