ಕೊಪ್ಪಳ ಸೀಮೆಯ ಧೂಳೂ ಎಂಜಿನ್ನಿನ ಉಸಿರೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಆ ರಾಜ್ಯದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಬರಬರುತ್ತಾ ಲಾರಿ, ಟ್ರ್ಯಾಕ್ಟರುಗಳು ಹೆಚ್ಚಿದವು. ಈ ಕಥೆ ಹೇಳುವಾಗ ನಾವು ನೀರನ್ನು ನೆನೆಯುತ್ತೇವೆ, ಧೂಳನ್ನು ಮರೆಯುತ್ತೇವೆ.

ಅದೇನು ಮರೆಯುವಂಥ ಧೂಳಲ್ಲ. ಗ್ರಾನೈಟ್ ಗುಡ್ಡಗಳು ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಉಂಟು. ಅದು ಕಬ್ಬಿಣಕ್ಕಿಂತ ಗಡಸು. ಒಂದು ಲೀಟರ್ ಡೀಸೆಲ್ ಉರಿಯಲು 10,000 ಲೀಟರಿಗೂ ಮಿಕ್ಕಿ ಗಾಳಿ ಬೇಕು. ಅದರೊಡನೆ ಒಳಹೊಕ್ಕ ಧೂಳು ಎಣ್ಣೆಯಲ್ಲಿ ಕಲೆತು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ತೇಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದ ಮರಳುಗಾಡಿಗೆ ಹೋದ ಟ್ಯಾಂಕುಗಳ ಎಂಜಿನ್ನುಗಳು ಬೇಗನೆ ಸವೆದದ್ದೂ ಹೀಗೆಯೇ.

ಇದಕ್ಕೆ ಹಳೆಯ ಉಪಾಯ ಎಣ್ಣೆಯ ಬಟ್ಟಲು. ಒಳಬರುವ ಗಾಳಿಯ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಬಟ್ಟಲನ್ನು ತೊಳೆದು ಹೊಸ ಎಣ್ಣೆಯನ್ನು ಗುರುತಿನ ತನಕ ಮಾತ್ರ ತುಂಬಬೇಕು. ಹೆಚ್ಚಾದರೆ ಎಂಜಿನ್ ಅದನ್ನೇ ಹೀರೀತು. ಅನಂತರ ಬಂದ ಮಡಿಕೆ ಕಾಗದದ ಫಿಲ್ಟರು ನುಣ್ಣನೆಯ ಧೂಳನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದನ್ನು ಗಾಲಿಗೆ ಬಡಿದು, ಜೋರಾಗಿ ಗಾಳಿ ಊದಿ ಶುಚಿಮಾಡುವವರುಂಟು. ಕಾಗದದಲ್ಲಿ ಸಣ್ಣದೊಂದು ತೂತು ಬಿದ್ದರೂ ಫಿಲ್ಟರು ಇದ್ದೂ ಇಲ್ಲದಂತೆಯೇ. ಧೂಳಿನ ದಾರಿಗೆ ತಕ್ಕದ್ದು ಎರಡು ಹಂತದ ಏರ್ಪಾಡು: ಮೊದಲು ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಉದುರಿಸುವ ಪಾತ್ರೆ, ಆಮೇಲೆ ಕಾಗದ. ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಎರಡೂ ವ್ಯರ್ಥ.

1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಹೆದ್ದಾರಿಗಳು ನುಣುಪಾದವು. ಆದರೆ ಟ್ರ್ಯಾಕ್ಟರು ದುಡಿಯುವುದು ಹೊಲದ ಮಣ್ಣಿನಲ್ಲಿ. ಸಾಲಮಾಡಿ ಅದನ್ನು ಕೊಂಡ ರೈತನಿಗೆ ಕಂತು ತೀರುವ ಮೊದಲೇ ಎಂಜಿನ್ ಸವೆಯಬಾರದಷ್ಟೆ.