ಚಿತ್ರದುರ್ಗದ ಕಲ್ಲೂ ನೀರೂ

ಕಣಶಿಲೆಯ ಹೆಬ್ಬಂಡೆಗಳಿಂದ ಕಿಕ್ಕಿರಿದ ಬೆಟ್ಟಗಳ ಮೇಲೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯು ನಿಂತಿದೆ. ವಿಜಯನಗರದರಸರಿಗೆ ಅಧೀನನಾಗಿದ್ದ ಮತ್ತಿ ತಿಮ್ಮಣ್ಣನಾಯಕನಿಂದ ಕ್ರಿ. ಶ. 16ನೆಯ ಶತಮಾನದಲ್ಲಿ ಮೊದಲಾದ ಪಾಳೆಯಗಾರರ ಆಳಿಕೆಯಲ್ಲಿ ಈ ದುರ್ಗವು ತಲೆಮಾರಿನಿಂದ ತಲೆಮಾರಿಗೆ ಬಲಗೊಂಡಿತು. ಅವರು ನಿಸರ್ಗವಿತ್ತ ಬಂಡೆಗಳನ್ನೇ ಗೋಡೆಗೆ ಆಧಾರಮಾಡಿಕೊಂಡು, ನಡುವಣ ತೆರಪುಗಳನ್ನು ಕಲ್ಲುಕಟ್ಟಡದಿಂದ ಮುಚ್ಚಿದರು. ಬಾಗಿಲುಗಳ ದಾರಿಯನ್ನು ಡೊಂಕಾಗಿ ತಿರುಗಿಸಿ, ಹಗೆಯ ಆನೆಗಳು ರಭಸದಿಂದ ನುಗ್ಗದಂತೆ ಮಾಡಿದರು.

ಆದರೆ ಕಲ್ಲು ಶತ್ರುವನ್ನು ತಡೆಯಬಲ್ಲುದಲ್ಲದೆ ದಾಹವನ್ನು ತಣಿಸಲಾರದು. ಆದಕಾರಣ, ಬಂಡೆಗಳ ಮೇಲೆ ಸುರಿದ ಮಳೆನೀರು ಗೋಪಾಲಸ್ವಾಮಿಯ ಹೊಂಡವನ್ನು ತುಂಬಿ, ಮಿಕ್ಕುದು ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗಣ ಸಿಹಿನೀರುಹೊಂಡ ಸಂತೆಹೊಂಡಗಳಿಗೂ ಇಳಿಯುವಂತೆ ಏರ್ಪಾಡಾಯಿತು. ದುರ್ಗವು ಮುತ್ತಿಗೆಗಳನ್ನು ತಾಳಿಕೊಂಡುದಕ್ಕೆ ಈ ನೀರೂ ಒಂದು ಬಲವಾಗಿತ್ತು.

1779ರಲ್ಲಿ ದುರ್ಗವು ಹೈದರಾಲಿಯ ವಶವಾಯಿತು. ಕಡೆಯ ಮದಕರಿನಾಯಕನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ಕಿಂಡಿಯ ಬಳಿ ಒನಕೆಯೊಂದನ್ನೇ ಆಯುಧಮಾಡಿಕೊಂಡು ಹಗೆಗಳನ್ನೆದುರಿಸಿದ ಕಾವಲುಗಾರನ ಮಡದಿ ಓಬವ್ವೆಯನ್ನು ಜನರು ಇಂದಿಗೂ ನೆನೆಯುತ್ತಾರೆ. ಅರಸರ ವಾಸದ ಮಣ್ಣುಗೋಡೆಗಳು ಕುಸಿದುಹೋಗಿವೆ. ಮೇಲುದುರ್ಗದಲ್ಲಿ ಗುಡಿಗಳೂ ಮುರುಘಾಮಠವೂ ಉಳಿದಿವೆ. ಹೊಂಡಗಳಲ್ಲಿ ಮಳೆನೀರು ಈಗಲೂ ನಿಲ್ಲುತ್ತದೆ. ತನಗಾಗಿ ಕಟ್ಟಿಕೊಂಡುದಕ್ಕಿಂತ ಪರರ ದಾಹಕ್ಕಾಗಿ ತೋಡಿದುದೇ ಬಹುಕಾಲ ಬಾಳುವುದೆಂಬುದನ್ನು ದುರ್ಗವನ್ನೇರುವ ಸದ್ಭಕ್ತರು ಮನಗಾಣಬಹುದು.